ಜಾಲತಾಣ ನಿರ್ಮಾಣ: ಕೈಯಿಂದ ಬರೆದ ಕೋಡೋ, ಕಣ್ಣಿಗೆ ಕಂಡಂತೆ ಕಟ್ಟುವ ತಂತ್ರಾಂಶವೋ?

ಶಹಾಬಾದ: ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿ ಕಲಬುರಗಿ ಹಾಗೂ ವಾಡಿ ಜಂಕ್ಷನ್‌ಗಳ ನಡುವೆ ಇರುವ ಈ ಪಟ್ಟಣವನ್ನು ನಾಡಿನ ಬಹುಪಾಲು ಜನರು ಬಲ್ಲದ್ದು ಕಲ್ಲಿನ ಮೂಲಕ. ಪದರು ಪದರಾಗಿ ಏಳುವ ಇಲ್ಲಿನ ಸುಣ್ಣಕಲ್ಲು ಎಷ್ಟೋ ಮನೆಗಳ ಅಂಗಳಕ್ಕೆ, ಅಡುಗೆಮನೆಯ ಕಟ್ಟೆಗೆ, ಸರ್ಕಾರಿ ಕಚೇರಿಗಳ ನೆಲಕ್ಕೆ ಹಾಸಾಗಿದೆ. ಇಂಥ ಕಲ್ಲಿನ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಗೊಂದು ಜಾಲತಾಣ ಬೇಕೆಂದು ಬಯಸಿದ್ದಾರೆ ಎಂದು ಭಾವಿಸೋಣ. ಮೊದಲ ಪುಟ, ಕಲ್ಲಿನ ಬಣ್ಣ ಹಾಗೂ ಅಳತೆಗಳ ಪಟ್ಟಿ, ಕೆಲವು ಚಿತ್ರಗಳು, ವಿಳಾಸ: ಒಟ್ಟು ನಾಲ್ಕು ಪುಟ. ಕೆಲಸ ಚಿಕ್ಕದು. ಆದರೆ ಅದನ್ನು ಮಾಡಿಕೊಡುವವರ ಮುಂದೆ ಮೊದಲ ದಿನವೇ ಒಂದು ಪ್ರಶ್ನೆ ಎದುರಾಗುತ್ತದೆ. ಪುಟದ ಕೋಡನ್ನು ಒಂದೊಂದೇ ಸಾಲಾಗಿ ಕೈಯಿಂದ ಬರೆಯುವುದೋ, ಅಥವಾ ಪರದೆಯ ಮೇಲೆ ಚಿತ್ರ, ಅಕ್ಷರಗಳನ್ನು ಎಳೆದು ಜೋಡಿಸಿದರೆ ಕೋಡನ್ನು ತಾನೇ ಬರೆದುಕೊಳ್ಳುವ ತಂತ್ರಾಂಶವನ್ನು ಬಳಸುವುದೋ?

ಜಗತ್ತಿನಾದ್ಯಂತ ಈ ವಿಚಾರದಲ್ಲಿ ಎರಡು ಪಂಗಡಗಳು ಬಹುಕಾಲ ವಾದಿಸಿವೆ. ಇಂಗ್ಲಿಷ್ ಪುಟಗಳ ಮಟ್ಟಿಗೆ ಅದು ಅನುಕೂಲ, ವೇಗ, ಅಭಿರುಚಿಗಳ ಜಗಳ. ಕನ್ನಡದ ಪುಟಗಳ ಮಟ್ಟಿಗೆ ಮಾತ್ರ ವಿಷಯ ಅಷ್ಟು ಹಗುರವಾಗಿಲ್ಲ. ತಂತ್ರಾಂಶವು ಪರದೆಯ ಹಿಂದೆ ಏನು ಬರೆಯಿತು ಎಂಬುದನ್ನು ನೋಡದೇ ಹೋದ ಕಾರಣದಿಂದ ಕನ್ನಡದ ಮೊದಲ ಹತ್ತು ಹನ್ನೆರಡು ವರ್ಷಗಳ ಜಾಲಪುಟಗಳಲ್ಲಿ ಅನೇಕವು ಇಂದು ಓದಲಾಗದ ಸ್ಥಿತಿಯಲ್ಲಿವೆ.

ಪುಟದ ಒಳಗೆ ಏನಿರುತ್ತದೆ?

ಬ್ರೌಸರ್‌ನಲ್ಲಿ ಕಾಣುವ ಪ್ರತಿ ಪುಟದ ಹಿಂದೆ ಎಚ್‌ಟಿಎಂಎಲ್ ಎಂಬ ಸರಳ ಪಠ್ಯದ ಕಡತವಿರುತ್ತದೆ. ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ, ಇದು ಬೇರೆ ಪುಟದ ಕೊಂಡಿ ಎಂದು ಹೇಳುವ ಗುರುತುಗಳನ್ನು ಕೋನಾಕಾರದ ಆವರಣಗಳಲ್ಲಿ ಪಠ್ಯದ ಹಿಂದೆ ಮುಂದೆ ಹಾಕಲಾಗುತ್ತದೆ. ಇವುಗಳಿಗೆ ಟ್ಯಾಗ್ ಎಂದು ಹೆಸರು. ಬಣ್ಣ, ಗಾತ್ರ, ಅಂತರಗಳನ್ನು ಹೇಳುವ ಸಿಎಸ್‌ಎಸ್ ಎಂಬ ಶೈಲಿ ಭಾಷೆ 1996ರ ಡಿಸೆಂಬರ್‌ನಲ್ಲಿ ಪ್ರಮಾಣೀಕೃತವಾಗಿ ಬಂದಿತು. ಇಷ್ಟನ್ನು ಬರೆಯಲು ವಿಂಡೋಸ್‌ನೊಡನೆ ಉಚಿತವಾಗಿ ಬರುವ ನೋಟ್‌ಪ್ಯಾಡ್ ಸಾಕು. ಕೈಯಿಂದ ಕೋಡ್ ಬರೆಯುವುದು ಎಂದರೆ ಇದೇ.

ವಿಚಿತ್ರವೆಂದರೆ, ಜಾಲದ ಜನಕ ಟಿಮ್ ಬರ್ನರ್ಸ್-ಲೀ 1990ರಲ್ಲಿ ನೆಕ್ಸ್ಟ್ ಗಣಕಯಂತ್ರದ ಮೇಲೆ ರೂಪಿಸಿದ ಮೊತ್ತಮೊದಲ ಬ್ರೌಸರ್ ಪುಟವನ್ನು ತೋರಿಸುವುದರ ಜೊತೆಗೆ ಅಲ್ಲಿಯೇ ತಿದ್ದಲೂ ಅವಕಾಶ ನೀಡುತ್ತಿತ್ತು. ಟ್ಯಾಗ್‌ಗಳನ್ನು ಸಾಮಾನ್ಯ ಜನ ಕಣ್ಣಿಂದ ನೋಡಬೇಕಾಗಬಾರದು ಎಂಬುದೇ ಅವರ ಆಶಯವಾಗಿತ್ತು. ಆದರೆ 1993ರಲ್ಲಿ ಬಂದು ಜನಪ್ರಿಯವಾದ ಮೊಸಾಯಿಕ್ ಬ್ರೌಸರ್ ಪುಟವನ್ನು ತೋರಿಸುವುದಕ್ಕಷ್ಟೇ ಸೀಮಿತವಾಯಿತು. ಹೀಗಾಗಿ ಪುಟ ಕಟ್ಟುವವರು ಟ್ಯಾಗ್ ಕಲಿಯುವುದು ಅನಿವಾರ್ಯವಾಯಿತು. ಬೇರೆಯವರ ಪುಟದ ಮೂಲ ಕೋಡನ್ನು ತೆರೆದು ನೋಡಿ, ನಕಲು ಮಾಡಿ, ತಿದ್ದಿ ಕಲಿತ ಒಂದು ತಲೆಮಾರೇ ಇದೆ. ಅದಕ್ಕೆ ಗುರುವೂ ಇರಲಿಲ್ಲ, ಶುಲ್ಕವೂ ಇರಲಿಲ್ಲ.

ಫ್ರಂಟ್‌ಪೇಜ್ ಮತ್ತು ಡ್ರೀಮ್‌ವೀವರ್ ಕಾಲ

1995ರಲ್ಲಿ ವರ್ಮೀರ್ ಟೆಕ್ನಾಲಜೀಸ್ ಎಂಬ ಅಮೆರಿಕದ ಕಂಪನಿ ಫ್ರಂಟ್‌ಪೇಜ್ ತಂತ್ರಾಂಶವನ್ನು ಹೊರತಂದಿತು. 1996ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡಿತು. ಅಡೋಬಿಯ ಪೇಜ್‌ಮಿಲ್ ಬಂದದ್ದೂ 1995ರಲ್ಲೇ. 1997ರ ಡಿಸೆಂಬರ್‌ನಲ್ಲಿ ಮ್ಯಾಕ್ರೋಮೀಡಿಯಾ ಕಂಪನಿಯ ಡ್ರೀಮ್‌ವೀವರ್ ಮಾರುಕಟ್ಟೆಗೆ ಬಂದಿತು. 2005ರಲ್ಲಿ ಮ್ಯಾಕ್ರೋಮೀಡಿಯಾ ಅಡೋಬಿಯ ಪಾಲಾಯಿತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸಂಪರ್ಕ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅಂದರೆ ನಮ್ಮಲ್ಲಿ ಜಾಲತಾಣ ಕಟ್ಟುವ ಕಸುಬು ಹುಟ್ಟಿದ್ದೂ, ಕೋಡ್ ಕಲಿಯದೆಯೂ ಆ ಕಸುಬು ನಡೆಸಬಹುದೆಂಬ ಭರವಸೆ ಹುಟ್ಟಿದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಜಿಲ್ಲಾ ಕೇಂದ್ರಗಳ ಗಣಕ ತರಬೇತಿ ಕೇಂದ್ರಗಳು ವೆಬ್ ಡಿಸೈನಿಂಗ್ ಎಂಬ ಹೆಸರಿನಲ್ಲಿ ಕಲಿಸಿದ್ದು ಬಹುಮಟ್ಟಿಗೆ ಈ ತಂತ್ರಾಂಶಗಳ ಗುಂಡಿಗಳನ್ನೇ.

ಈ ತಂತ್ರಾಂಶಗಳ ಉಪಕಾರವನ್ನು ಕಡೆಗಣಿಸುವಂತಿಲ್ಲ. ನಾಲ್ಕು ಅಡ್ಡಸಾಲು, ಐದು ಕಂಬಸಾಲುಗಳಿರುವ ಅಳತೆ ಪಟ್ಟಿಯೊಂದನ್ನು ಕೈಯಿಂದ ಬರೆಯಲು ಹೊರಟರೆ ಇಪ್ಪತ್ತು ಮನೆಗಳಿಗೆ ನಲವತ್ತು ಟ್ಯಾಗ್ ಬೇಕು, ಸಾಲುಗಳದ್ದು ಬೇರೆ. ಮುಚ್ಚುವ ಟ್ಯಾಗ್ ಒಂದು ಮರೆತರೂ ಕೆಳಗಿನ ಪಟ್ಟಿಯೆಲ್ಲ ಅಸ್ತವ್ಯಸ್ತವಾಗುತ್ತದೆ. ದೃಶ್ಯ ತಂತ್ರಾಂಶದಲ್ಲಿ ಅದು ಎರಡು ಕ್ಲಿಕ್‌ಗಳ ಕೆಲಸ. ನಲವತ್ತು ಪುಟಗಳ ತಾಣದಲ್ಲಿ ದೂರವಾಣಿ ಸಂಖ್ಯೆ ಬದಲಾದರೆ ನೋಟ್‌ಪ್ಯಾಡ್ ಹಿಡಿದವರು ನಲವತ್ತು ಕಡತ ತೆರೆಯಬೇಕು. ಡ್ರೀಮ್‌ವೀವರ್‌ನ ಮಾದರಿ ಪುಟ ಬಳಸಿದವರು ಒಂದೇ ಕಡೆ ತಿದ್ದಿದರೆ ಸಾಕು. ಶಾಲಾ ಶಿಕ್ಷಕರು, ಸಣ್ಣ ವ್ಯಾಪಾರಿಗಳು, ಸಂಘ ಸಂಸ್ಥೆಗಳ ಕಾರ್ಯದರ್ಶಿಗಳು ಜಾಲದೊಳಕ್ಕೆ ಕಾಲಿಟ್ಟದ್ದು ಈ ಬಾಗಿಲಿನಿಂದಲೇ. ಓಡುವ ಅಕ್ಷರಗಳು, ಭೇಟಿ ನೀಡಿದವರ ಸಂಖ್ಯೆ ತೋರುವ ಮೀಟರು, ವರ್ಷಗಟ್ಟಲೆ ಹಾಗೇ ಉಳಿದ ‘ಕಾಮಗಾರಿ ಪ್ರಗತಿಯಲ್ಲಿದೆ’ ಫಲಕಗಳೂ ಅವರ ಜೊತೆಗೇ ಬಂದವು ಎಂಬುದು ಬೇರೆ ಮಾತು.

ಆಕ್ಷೇಪಗಳೂ ಹುರುಳಿಲ್ಲದವಲ್ಲ. ಒಂದು ಪದವನ್ನು ಮೊದಲು ಕೆಂಪು ಮಾಡಿ, ಬಳಿಕ ದಪ್ಪ ಮಾಡಿ, ಮತ್ತೆ ಮನಸ್ಸು ಬದಲಿಸಿ ನೀಲಿ ಮಾಡಿದರೆ ಅಂದಿನ ತಂತ್ರಾಂಶಗಳು ಹಳೆಯ ಟ್ಯಾಗ್ ತೆಗೆಯದೆ ಒಂದರೊಳಗೊಂದು ಹೊಸ ಟ್ಯಾಗ್ ಸೇರಿಸುತ್ತ ಹೋಗುತ್ತಿದ್ದುದುಂಟು. ವರ್ಡ್ ಕಡತವನ್ನೇ ಜಾಲಪುಟವಾಗಿ ಉಳಿಸಿದರಂತೂ ಪಠ್ಯಕ್ಕಿಂತ ಅದರ ಸುತ್ತಲಿನ ಕಸವೇ ಹಲವು ಪಟ್ಟು ಹೆಚ್ಚಾಗುತ್ತಿತ್ತು. ಡಯಲ್-ಅಪ್ ಕಾಲದಲ್ಲಿ ಇದರ ಬೆಲೆಯನ್ನು ಓದುಗರೇ ತೆರಬೇಕಿತ್ತು. ಸೆಕೆಂಡಿಗೆ 56 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ 100 ಕಿಲೋಬೈಟ್ ಪುಟ ಇಳಿಯಲು, ದೂರವಾಣಿ ಮಾರ್ಗ ಎಲ್ಲ ರೀತಿಯಲ್ಲೂ ಸರಿಯಿದ್ದರೂ, ಹದಿನಾಲ್ಕು ಹದಿನೈದು ಸೆಕೆಂಡ್ ಬೇಕು. ಸೈಬರ್ ಕೆಫೆಯ ಗಡಿಯಾರ ಮಾತ್ರ ನಿಲ್ಲುತ್ತಿರಲಿಲ್ಲ.

ಫ್ರಂಟ್‌ಪೇಜ್‌ನ ಮೇಲೆ ಇನ್ನೊಂದು ದೂರಿತ್ತು. ಅದರ ಭೇಟಿ ಮೀಟರು, ವಿಚಾರಣಾ ಅರ್ಜಿಗಳಂಥ ಸೌಲಭ್ಯಗಳು ಕೆಲಸ ಮಾಡಬೇಕಾದರೆ ಸರ್ವರಿನಲ್ಲಿ ಫ್ರಂಟ್‌ಪೇಜ್ ವಿಸ್ತರಣೆಗಳು ಇರಲೇಬೇಕಿತ್ತು. ತಾಣವನ್ನು ಅಗ್ಗದ ಬೇರೆ ಸರ್ವರಿಗೆ ಸಾಗಿಸಿದರೆ ಅರ್ಜಿ ತುಂಬಿದ ಗ್ರಾಹಕರ ವಿಚಾರಣೆ ಎಲ್ಲಿಗೂ ತಲುಪುತ್ತಿರಲಿಲ್ಲ. ಡ್ರೀಮ್‌ವೀವರ್ ಈ ವಿಷಯದಲ್ಲಿ ಹೆಚ್ಚು ಮರ್ಯಾದೆಯ ತಂತ್ರಾಂಶ. ಕೈಯಿಂದ ಬರೆದ ಕೋಡನ್ನು ತಾನಾಗಿ ಮುಟ್ಟುವುದಿಲ್ಲ ಎಂಬುದು ಅದರ ಹೆಗ್ಗಳಿಕೆಯಾಗಿತ್ತು. ಪರದೆಯ ಅರ್ಧದಲ್ಲಿ ಕೋಡ್, ಇನ್ನರ್ಧದಲ್ಲಿ ಪುಟದ ರೂಪ ತೋರುವ ವ್ಯವಸ್ಥೆಯೂ ಅದರಲ್ಲಿತ್ತು. ಕಸುಬುದಾರರು ಬಹುಬೇಗ ಅದರತ್ತ ವಾಲಿದ್ದಕ್ಕೆ ಇದೇ ಕಾರಣ. ಫ್ರಂಟ್‌ಪೇಜ್‌ನ ಕೊನೆಯ ಆವೃತ್ತಿ 2003ರದ್ದು. 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು.

ಕನ್ನಡದ ಕಥೆಯೇ ಬೇರೆ

ಇಷ್ಟರವರೆಗೆ ಹೇಳಿದ್ದು ಎಲ್ಲ ಭಾಷೆಗಳಿಗೂ ಅನ್ವಯಿಸುತ್ತದೆ. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ ಎಂದು ಗುರುತಿಸಲಾಗುವ, ಡಾ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲಿ ಆರಂಭವಾದಾಗ ಬ್ರೌಸರ್‌ಗಳಿಗೆ ಕನ್ನಡವೆಂಬ ಲಿಪಿಯೊಂದಿದೆ ಎಂಬುದೇ ತಿಳಿದಿರಲಿಲ್ಲ. ಯೂನಿಕೋಡ್ ಪಟ್ಟಿಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿತ್ತಾದರೂ ಅದನ್ನು ಪರದೆಯ ಮೇಲೆ ಮೂಡಿಸುವ ಏರ್ಪಾಡು ಸಾಮಾನ್ಯರ ಗಣಕಗಳಲ್ಲಿ ಇರಲಿಲ್ಲ. ಆದ್ದರಿಂದ ಒಂದು ಉಪಾಯ ಹೂಡಲಾಯಿತು. ಇಂಗ್ಲಿಷ್ ಹಾಗೂ ಐರೋಪ್ಯ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡಕ್ಷರಗಳ ಚಿತ್ರಗಳನ್ನು ಕೂರಿಸಿದ ಫಾಂಟ್‌ಗಳು ತಯಾರಾದವು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳಲ್ಲೆಲ್ಲ ಬಳಕೆಗೆ ಬಂದಿತು. ಕನ್ನಡವನ್ನು ಗಣಕಕ್ಕೆ ತಂದ ಈ ತಂತ್ರಾಂಶಗಳ ಋಣ ದೊಡ್ಡದು.

ಆದರೆ ಆ ವ್ಯವಸ್ಥೆಯಲ್ಲಿ ಕಡತದೊಳಗೆ ಏನಿರುತ್ತಿತ್ತು ಎಂಬುದನ್ನು ಗಮನಿಸಬೇಕು. ನುಡಿಯಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿದರೆ ಕಡತದಲ್ಲಿ ಉಳಿಯುತ್ತಿದ್ದುದು ಏಳು ಲ್ಯಾಟಿನ್ ಚಿಹ್ನೆಗಳು: ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆಯಿರುವ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಮತ್ತದೇ ‘ಎ’, ಜರ್ಮನ್ ಭಾಷೆಯ ಜೋಡಿ ‘ಎಸ್’, ಚಿಕ್ಕ ‘ಕ್ಯೂ’, ಕೊನೆಗೆ ಇನ್ನೊಮ್ಮೆ ‘ಎ’. ಇದನ್ನು ಕನ್ನಡವಾಗಿ ತೋರಿಸುತ್ತಿದ್ದುದು ಪುಟದಲ್ಲಿನ ಒಂದೇ ಒಂದು ಸೂಚನೆ: ಈ ಭಾಗವನ್ನು ಇಂಥ ಫಾಂಟ್‌ನಲ್ಲಿ ತೋರಿಸು ಎನ್ನುವ ಫಾಂಟ್ ಟ್ಯಾಗ್. ಓದುಗರ ಗಣಕದಲ್ಲಿ ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು, ಎ, ಕ್ಯೂಗಳ ಜಾತ್ರೆ. ‘ಕನ್ನಡ ಕಾಣಿಸುತ್ತಿಲ್ಲವೇ? ಫಾಂಟ್ ಇಳಿಸಿಕೊಳ್ಳಿ’ ಎಂಬ ಕೊಂಡಿ ಅಂದಿನ ಕನ್ನಡ ತಾಣಗಳ ನೆತ್ತಿಯ ಮೇಲೆ ಇದ್ದದ್ದು ಹಳೆಯ ಓದುಗರಿಗೆ ನೆನಪಿರಬಹುದು.

ಇದಕ್ಕೆ ಪರಿಹಾರವಾಗಿ ಪುಟದ ಜೊತೆಗೇ ಫಾಂಟನ್ನೂ ಕಳುಹಿಸುವ ಡೈನಮಿಕ್ ಫಾಂಟ್ ತಂತ್ರ 1997ರ ಬ್ರೌಸರ್‌ಗಳೊಂದಿಗೆ ಬಂದಿತು. ಆದರೆ ಅದರಲ್ಲೂ ಎರಡು ಬಣ. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಒಂದು ಬಗೆಯ ಫಾಂಟ್ ಕಡತ, ನೆಟ್‌ಸ್ಕೇಪ್‌ಗೆ ಬಿಟ್‌ಸ್ಟ್ರೀಮ್ ಕಂಪನಿಯ ಇನ್ನೊಂದು ಬಗೆ. ನೆಟ್‌ಸ್ಕೇಪ್ ಹಿನ್ನೆಲೆಗೆ ಸರಿದ ಮೇಲೆ ಬಹಳಷ್ಟು ತಾಣಗಳು ಎಕ್ಸ್‌ಪ್ಲೋರರ್‌ಗೆ ಮಾತ್ರ ಒಗ್ಗುವಂತೆ ಉಳಿದವು. 2004ರಲ್ಲಿ ಫೈರ್‌ಫಾಕ್ಸ್ ಬಂದಾಗ ಅದರಲ್ಲಿ ಈ ಪುಟಗಳು ತೆರೆಯುತ್ತಿದ್ದವು, ಓದಲು ಮಾತ್ರ ಬರುತ್ತಿರಲಿಲ್ಲ. 2022ರ ಜೂನ್‌ನಲ್ಲಿ ಎಕ್ಸ್‌ಪ್ಲೋರರ್ ನಿವೃತ್ತಿ ಹೊಂದಿದ ಮೇಲೆ ಆ ಬಗೆಯ ಫಾಂಟ್ ಓದುವ ಬ್ರೌಸರ್ ಬಳಕೆಯಲ್ಲಿ ಉಳಿದಿಲ್ಲ.

ದೃಶ್ಯ ತಂತ್ರಾಂಶದ ಪಾತ್ರ ಇಲ್ಲಿದೆ. ಪುಟ ಕಟ್ಟುವವರ ಪರದೆಯ ಮೇಲೆ ಎಲ್ಲವೂ ಚೆನ್ನಾದ ಕನ್ನಡವಾಗಿಯೇ ಕಾಣುತ್ತಿತ್ತು. ಅವರ ಗಣಕದಲ್ಲಿ ಫಾಂಟ್ ಇತ್ತಲ್ಲ! ಒಳಗೆ ಉಳಿದದ್ದು ಕನ್ನಡವೇ ಅಲ್ಲ ಎಂದು ಅವರಿಗೆ ಎಂದೂ ಗೊತ್ತಾಗುವ ಪ್ರಮೇಯವಿರಲಿಲ್ಲ. ಕೋಡ್ ಬರೆಯುವವರಿಗೆ ಮಾತ್ರ ಆ ಪೌಂಡು, ಕ್ಯೂಗಳ ಸಾಲು ಪ್ರತಿದಿನ ಕಣ್ಣಿಗೆ ಹೊಡೆಯುತ್ತಿತ್ತು. ಹಾಗೆಂದು ಅವರ ಬಳಿಯೂ ಆಗ ಬೇರೆ ದಾರಿಯಿರಲಿಲ್ಲ. ಆದರೆ ತಮ್ಮ ಕಡತದಲ್ಲಿ ಏನಿದೆ, ಮುಂದೊಂದು ದಿನ ಏನನ್ನು ಬದಲಾಯಿಸಬೇಕು ಎಂಬುದು ಅವರಿಗೆ ತಿಳಿದಿತ್ತು.

ಉಳಿಸಿಕೊಳ್ಳುವ ಕೆಲಸ

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟ್‌ನೊಂದಿಗೆ ಕನ್ನಡಕ್ಕೆ ಬೆಂಬಲ ದೊರೆಯಿತು. ಅದನ್ನು ಚಾಲೂ ಮಾಡಲು ಸೆಟ್ಟಿಂಗ್ ಬದಲಿಸಿ ಸಿ.ಡಿ. ಹಾಕಬೇಕಿತ್ತಾದರೂ ದಾರಿ ತೆರೆದಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಡ್ರೂಪಲ್ ಆಧಾರಿತ ‘ಸಂಪದ’ ಯೂನಿಕೋಡ್‌ನಲ್ಲಿಯೇ ಬೆಳೆದವು. ಯೂನಿಕೋಡ್‌ನಲ್ಲಿ ‘ಕನ್ನಡ’ ಎಂದರೆ ಕ, ನ, ಹಲಂತದ ಗುರುತು, ನ, ಡ ಎಂಬ ಐದು ಸಂಕೇತಗಳು. ಫಾಂಟ್ ಯಾವುದಾದರೂ ಇರಲಿ, ಪಠ್ಯ ಕನ್ನಡವೇ. ಹುಡುಕಿದರೆ ಸಿಗುತ್ತದೆ, ನಕಲು ಮಾಡಿ ಬೇರೆಡೆ ಹಾಕಿದರೂ ಕನ್ನಡವಾಗಿಯೇ ಇರುತ್ತದೆ, ಅಂಧರು ಬಳಸುವ ಪರದೆ ಓದುವ ತಂತ್ರಾಂಶ ಅದನ್ನು ಕನ್ನಡವಾಗಿಯೇ ಓದುತ್ತದೆ.

ಹಾಗಾದರೆ ಹಳೆಯ ಪುಟಗಳ ಗತಿಯೇನು? ಪರಿವರ್ತಕಗಳಿವೆ. ಆದರೆ ಪರಿವರ್ತನೆ ಒಂದಕ್ಕೊಂದು ಅಕ್ಷರ ಬದಲಿಸುವ ಸುಲಭದ ಲೆಕ್ಕವಲ್ಲ. ಹಳೆಯ ಫಾಂಟ್‌ಗಳು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸಿದರೆ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಕಾಣಿಸುವುದು ‘ಯ’ ಅಕ್ಷರದ ಬಳಿಕ. ನುಡಿಯ ಕಡತದಲ್ಲೂ ಅದು ಬಳಿಕವೇ ಇರುತ್ತದೆ. ಯೂನಿಕೋಡ್‌ನಲ್ಲಿ ಮೊದಲು ‘ರ’, ಹಲಂತ, ಆಮೇಲೆ ‘ಯ’. ಒತ್ತಕ್ಷರ, ದೀರ್ಘಗಳ ಸ್ಥಾನವನ್ನೂ ಹೀಗೆಯೇ ಹೊಂದಿಸಬೇಕು. ಉತ್ತಮ ಪರಿವರ್ತಕಗಳು ಇದನ್ನು ಮಾಡುತ್ತವೆ.

ಅವು ಸೋಲುವುದು ಇನ್ನೊಂದೆಡೆ. ಕಲ್ಲಿನ ವ್ಯಾಪಾರಿಯ ಹಳೆಯ ಪುಟದಲ್ಲಿ ಕನ್ನಡದ ನಡುವೆ ‘ಪಾಲಿಶ್’ ಎಂಬ ಪದ ಇಂಗ್ಲಿಷ್ ಅಕ್ಷರಗಳಲ್ಲಿದೆ ಎಂದುಕೊಳ್ಳಿ. ಕಡತದೊಳಗೆ ಕನ್ನಡವೂ ಲ್ಯಾಟಿನ್ ಚಿಹ್ನೆಯೇ, ಇಂಗ್ಲಿಷೂ ಲ್ಯಾಟಿನ್ ಚಿಹ್ನೆಯೇ. ಯಾವುದು ಯಾವುದೆಂದು ಹೇಳುವ ಏಕೈಕ ಗಡಿ ಫಾಂಟ್ ಟ್ಯಾಗ್. ಆ ಗಡಿ ಸರಿಯಿದ್ದರೆ ಪರಿವರ್ತಕ ಕನ್ನಡವನ್ನಷ್ಟೇ ಬದಲಿಸಿ ಇಂಗ್ಲಿಷನ್ನು ಹಾಗೇ ಬಿಡುತ್ತದೆ. ಇಲ್ಲದಿದ್ದರೆ ಇಂಗ್ಲಿಷ್ ಪದ, ಇ-ಮೇಲ್ ವಿಳಾಸಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಕೈಯಿಂದ ಬರೆದ ಅಚ್ಚುಕಟ್ಟಾದ ಪುಟಗಳಲ್ಲಿ ಈ ಗಡಿ ಸ್ಪಷ್ಟ. ಹತ್ತು ಬಾರಿ ಎಳೆದಾಡಿ, ವರ್ಡ್‌ನಿಂದ ಅಂಟಿಸಿ ಕಟ್ಟಿದ ಪುಟಗಳಲ್ಲಿ ಪದದ ನಡುವೆಯೇ ಟ್ಯಾಗ್ ಮುರಿದು, ಒಂದರೊಳಗೊಂದು ಹೆಣೆದುಕೊಂಡು, ಕೆಲವೆಡೆ ಇಲ್ಲವೇ ಆಗಿ ಹೋಗಿರುತ್ತದೆ. ಅಂಥ ಪುಟವನ್ನು ಒಬ್ಬರು ಕುಳಿತು ಸಾಲು ಸಾಲಾಗಿ ಓದಿ ತಿದ್ದಬೇಕು. ನೂರು ಪುಟಗಳಿದ್ದರೆ ಅಷ್ಟು ತಾಳ್ಮೆ ಯಾರಿಗಿದೆ?

ಇನ್ನು ಚಿತ್ರವಾಗಿಸಿದ ಕನ್ನಡದ್ದು ಬೇರೆಯೇ ಪಾಡು. ಫಾಂಟ್‌ನ ಕಾಟವೇ ಬೇಡವೆಂದು ಅನೇಕರು ಪಠ್ಯವನ್ನು ಚಿತ್ರವಾಗಿ ಉಳಿಸಿ ಪುಟದಲ್ಲಿ ಅಂಟಿಸಿದರು. ಅದು ಇಂದಿಗೂ ಕಣ್ಣಿಗೆ ಕಾಣುತ್ತದೆ ಎಂಬುದು ಸಮಾಧಾನ. ಆದರೆ ಶೋಧಯಂತ್ರಕ್ಕೆ ಅದು ಅಕ್ಷರವಲ್ಲ, ಬಣ್ಣದ ಚುಕ್ಕೆಗಳು. ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯ ಬಗ್ಗೆಯೋ, ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಅಶೋಕನ ಶಾಸನದ ಬಗ್ಗೆಯೋ 2000ದ ಸುಮಾರಿಗೆ ಯಾರಾದರೂ ಹೀಗೆ ಕನ್ನಡದಲ್ಲಿ ಬರೆದಿಟ್ಟಿದ್ದರೆ, ಊರಿನ ಹೆಸರನ್ನು ಕನ್ನಡದಲ್ಲಿ ಬೆರಳಚ್ಚಿಸಿ ಹುಡುಕುವ ಇಂದಿನ ವಿದ್ಯಾರ್ಥಿಗೆ ಆ ಬರಹ ಇದ್ದೂ ಇಲ್ಲದಂತೆ.

ಯೂನಿಕೋಡ್ ಬಂದ ಮೇಲೂ ತಂತ್ರಾಂಶದ ಕಣ್ಣಾಮುಚ್ಚಾಲೆ ನಿಲ್ಲಲಿಲ್ಲ. ಪುಟದ ಸಂಕೇತ ಪದ್ಧತಿ ಪಾಶ್ಚಾತ್ಯ ಎಂದೇ ಉಳಿದಿದ್ದರೆ ಕೆಲವು ತಂತ್ರಾಂಶಗಳು ಪ್ರತಿ ಕನ್ನಡ ಅಕ್ಷರವನ್ನೂ ಅದರ ಕ್ರಮಾಂಕವಾಗಿ ಬರೆದಿಡುತ್ತಿದ್ದವು. ‘ಕ’ ಎಂದರೆ 3221, ಅದರ ಹಿಂದೆ ಮುಂದೆ ಮೂರು ಚಿಹ್ನೆ. ಯುಟಿಎಫ್-8 ಪದ್ಧತಿಯಲ್ಲಿ 15 ಬೈಟ್‌ಗಳಲ್ಲಿ ಮುಗಿಯುವ ‘ಕನ್ನಡ’ ಹೀಗೆ 35 ಬೈಟ್ ಆಗುತ್ತದೆ. ಬ್ರೌಸರ್ ಅದನ್ನು ಸರಿಯಾಗಿಯೇ ತೋರಿಸುತ್ತದೆ, ತೊಂದರೆಯಿಲ್ಲ. ಆದರೆ ಆ ಕಡತವನ್ನು ತೆರೆದು ಒಂದು ಕಾಗುಣಿತ ತಪ್ಪು ತಿದ್ದಲು ಹೋದವರಿಗೆ ಕಾಣುವುದು ಅಂಕಿಗಳ ಹಿಂಡು. ಪತ್ರಿಕಾಲಯ, ಮುದ್ರಣಾಲಯಗಳಲ್ಲಿ ಹಳೆಯ ಫಾಂಟ್‌ಗಳು ಬಹುಕಾಲ ಉಳಿದದ್ದಕ್ಕೂ ತಂತ್ರಾಂಶವೇ ಕಾರಣ. ಅಡೋಬಿಯ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ನೆಟ್ಟಗೆ ಬೆಂಬಲ ಬಂದದ್ದು 2012ರಲ್ಲಿ.

ಇಂದಿನ ತಂತ್ರಾಂಶಗಳು

ಹಳೆಯ ಹೆಸರುಗಳು ಮರೆಯಾದರೂ ವಾದ ಮುಗಿದಿಲ್ಲ. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ 2018ರ ಡಿಸೆಂಬರ್‌ನಲ್ಲಿ ತುಣುಕುಗಳನ್ನು ಜೋಡಿಸಿ ಪುಟ ಕಟ್ಟುವ ಗುಟೆನ್‌ಬರ್ಗ್ ಸಂಪಾದಕವನ್ನು ಅಳವಡಿಸಿಕೊಂಡಿತು. ವಿಕಿಪೀಡಿಯವೂ 2013ರಿಂದ ತನ್ನ ಗುರುತು ಭಾಷೆಯ ಜೊತೆಗೆ ದೃಶ್ಯ ಸಂಪಾದಕವನ್ನು ಕೊಡುತ್ತಿದೆ. ವಿಕ್ಸ್‌ನಂತಹ ಸೇವೆಗಳಲ್ಲಿ ಎಲ್ಲವೂ ಬ್ರೌಸರ್‌ನೊಳಗೇ ನಡೆಯುತ್ತದೆ. ಈಗ ಮೂರನೆಯ ದಾರಿಯೂ ಸೇರಿದೆ. ಬೇಕಾದದ್ದನ್ನು ಸಾದಾ ಮಾತಿನಲ್ಲಿ ಹೇಳಿದರೆ ಕೃತಕ ಬುದ್ಧಿಮತ್ತೆಯ ಸಾಧನಗಳು ಕೋಡನ್ನೇ ಬರೆದುಕೊಡುತ್ತವೆ. ಬರೆಯುವ ಶ್ರಮ ಹೋಯಿತು. ಅದು ಬರೆದದ್ದನ್ನು ಓದಿ ನೋಡುವ ಶ್ರಮ ಹೋಗಿಲ್ಲ.

ಸೇವೆ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಯಾಹೂ ಒಡೆತನದ ಜಿಯೋಸಿಟೀಸ್ ಸಾಕ್ಷಿ. 1994ರಲ್ಲಿ ಆರಂಭವಾಗಿ ಉಚಿತ ತಾಣಗಳಿಗೆ ಹೆಸರಾಗಿದ್ದ ಅದು 2009ರ ಅಕ್ಟೋಬರ್‌ನಲ್ಲಿ, ಜಪಾನ್ ಒಂದನ್ನು ಬಿಟ್ಟು, ಬಾಗಿಲು ಹಾಕಿತು. ಕೈಯಿಂದ ಪುಟ ಬರೆದು ಕಡತಗಳನ್ನು ಸಿ.ಡಿ.ಯಲ್ಲೋ ಪ್ಲಾಪಿಯಲ್ಲೋ ಇಟ್ಟುಕೊಂಡಿದ್ದವರು ಮರುದಿನವೇ ಬೇರೆಡೆ ತಾಣ ತೆರೆಯಬಹುದಿತ್ತು. ಅಲ್ಲಿಯ ಪುಟ ಕಟ್ಟುವ ಸಾಧನವನ್ನೇ ನಂಬಿ, ಪ್ರತಿಯಿಟ್ಟುಕೊಳ್ಳದೇ ಹೋದವರ ಕೈಯಲ್ಲಿ ಏನೂ ಉಳಿಯಲಿಲ್ಲ. ಇಂದಿನ ಸೇವೆಗಳಲ್ಲೂ ಹಣ ಕಟ್ಟುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಪುಟಗಳನ್ನು ಕಡತವಾಗಿ ಇಳಿಸಿಕೊಂಡು ಹೊರಹೋಗಲು ದಾರಿಯಿದೆಯೇ?

ಕನ್ನಡಕ್ಕೆ ಸಂಬಂಧಿಸಿದ ಕಿರಿಕಿರಿಗಳೂ ಇವೆ. ಸಿದ್ಧ ವಿನ್ಯಾಸಗಳಲ್ಲಿ ಬಹುಪಾಲು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೆ ಸಾಕಾದರೂ ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಕೆಲವೊಮ್ಮೆ ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ‘ಸ್ತ್ರೀ’, ‘ಲಕ್ಷ್ಮಿ’, ‘ರಾಷ್ಟ್ರ’ಗಳಂಥ ಪದಗಳನ್ನು ಬರೆದು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಇಂಗ್ಲಿಷಿನ ಇಟಾಲಿಕ್‌ಗೆ ಕನ್ನಡದಲ್ಲಿ ಪರಂಪರೆಯಿಲ್ಲ; ತಂತ್ರಾಂಶ ಅಕ್ಷರಗಳನ್ನು ಸುಮ್ಮನೆ ವಾಲಿಸಿ ಕೊಡುತ್ತದೆ. ಇಂಗ್ಲಿಷಿನ ಚಿಕ್ಕ ಪದಕ್ಕೆ ಅಳೆದು ಮಾಡಿದ ಗುಂಡಿಯಲ್ಲಿ ‘ನಮ್ಮನ್ನು ಸಂಪರ್ಕಿಸಿ’ ಎಂಬುದು ಹಿಡಿಸದೆ ಹೊರಗೆ ಚಾಚುತ್ತದೆ. ಇವೆಲ್ಲಕ್ಕೂ ಮದ್ದು ಸಿಎಸ್‌ಎಸ್‌ನ ಮೂರು ನಾಲ್ಕು ಸಾಲುಗಳಲ್ಲಿದೆ. ಸಾಲಿನ ಎತ್ತರವನ್ನು ಅಕ್ಷರ ಗಾತ್ರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಮಾಡುವುದು, ವಾಲು ಅಕ್ಷರ ತೆಗೆಯುವುದು, ಗುಂಡಿಯ ಅಗಲವನ್ನು ಕಟ್ಟಿಹಾಕದೆ ಬಿಡುವುದು. ಆದರೆ ಆ ಸಾಲುಗಳನ್ನು ಎಲ್ಲಿ ಬರೆಯಬೇಕೆಂದು ತಿಳಿದಿರಬೇಕು. ಪುಟದ ಭಾಷೆ ಕನ್ನಡ ಎಂದು ಸೂಚಿಸುವ, ಎರಡೇ ಅಕ್ಷರಗಳ ‘ಕೆಎನ್’ ಗುರುತನ್ನೂ ಅನೇಕ ಸಿದ್ಧ ವಿನ್ಯಾಸಗಳು ಇಂಗ್ಲಿಷಿನದೆಂದೇ ಉಳಿಸಿಬಿಡುತ್ತವೆ. ಕಣ್ಣಿಗೆ ಕಾಣದ ಈ ತಪ್ಪು ಪರದೆ ಓದುವ ತಂತ್ರಾಂಶವನ್ನು ದಾರಿ ತಪ್ಪಿಸುತ್ತದೆ.

ವ್ಯಾಪಾರಿಗೆ ಯಾವುದು ಸೂಕ್ತ?

ಮತ್ತೆ ಶಹಾಬಾದಿನ ಅಂಗಡಿಗೆ ಬರೋಣ. ನಾಲ್ಕು ಪುಟಗಳ, ವರ್ಷಕ್ಕೆರಡು ಬಾರಿ ದರ ಬದಲಾಗುವ ತಾಣಕ್ಕೆ ಕೈಯಿಂದ ಬರೆದ ಕೋಡ್ ಧಾರಾಳವಾಗಿ ಸಾಕು. ಚಿತ್ರಗಳನ್ನು ಬಿಟ್ಟರೆ ಇಡೀ ತಾಣ ಕೆಲವು ಹತ್ತು ಕಿಲೋಬೈಟ್ ದಾಟದು, ಗಣಿಯ ಬಳಿ ಸಿಗ್ನಲ್ ಕ್ಷೀಣವಾಗಿರುವ ಮೊಬೈಲ್‌ನಲ್ಲೂ ತೆರೆಯುತ್ತದೆ. ಯಾವ ತಂತ್ರಾಂಶ ನಿಂತರೂ ಆ ಕಡತ ನಿಲ್ಲುವುದಿಲ್ಲ. ಆದರೆ ಮಾಡಿಕೊಟ್ಟವರು ಕೆಲಸ ಹುಡುಕಿ ಬೆಂಗಳೂರಿಗೋ ಹೈದರಾಬಾದಿಗೋ ಹೋದ ಮೇಲೆ ದರ ತಿದ್ದುವವರು ಯಾರು ಎಂಬ ಪ್ರಶ್ನೆಗೂ ಉತ್ತರ ಬೇಕು. ಅಂಗಡಿಯವರೇ ವಾರಕ್ಕೊಮ್ಮೆ ಹೊಸ ಚಿತ್ರ ಹಾಕುವುದಾದರೆ ವರ್ಡ್‌ಪ್ರೆಸ್‌ನಂಥದ್ದೇ ಮೇಲು. ನಾಳೆ ಗ್ರಾಹಕರು ಜಾಲದಲ್ಲಿಯೇ ಮುಂಗಡ ಕಟ್ಟಬೇಕೆಂದಾದರೆ ಒಬ್ಬರ ಕೈಬರಹದ ಕೋಡನ್ನು ನಂಬುವುದು ಅಪಾಯ. ಅಲ್ಲಿ ಸಿದ್ಧ, ಪರೀಕ್ಷಿತ ವ್ಯವಸ್ಥೆಯೇ ಬೇಕು. ಕೈಬರಹದ ಪಕ್ಷಪಾತಿಗಳು ಒಪ್ಪಲು ಹಿಂಜರಿಯುವ ಮಾತಿದು, ಆದರೂ ನಿಜ.

ದಾರಿ ಯಾವುದೇ ಆಗಿರಲಿ, ಪುಟವನ್ನು ಒಪ್ಪಿಸಿಕೊಳ್ಳುವ ಮುನ್ನ ವ್ಯಾಪಾರಿ ತಾವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಅದಕ್ಕೆ ಕೋಡ್ ಬರಬೇಕಾಗಿಲ್ಲ. ಪುಟದಲ್ಲಿರುವ ‘ಶಹಾಬಾದ’ ಎಂಬ ಪದವನ್ನು ಮೌಸ್‌ನಿಂದ ಗುರುತಿಸಿ ನಕಲು ಮಾಡಿ, ನೋಟ್‌ಪ್ಯಾಡ್‌ನಲ್ಲಿ ಅಂಟಿಸಬೇಕು. ಅಲ್ಲಿಯೂ ಶಹಾಬಾದ ಎಂದೇ ಬಂದರೆ ಪಠ್ಯ ಕನ್ನಡದ್ದು. ಪೌಂಡಿನ ಗುರುತು, ತಲೆಗೆರೆಯ ‘ಎ’ಗಳು ಬಂದರೆ ಪುಟ ಹಳೆಯ ಫಾಂಟ್‌ನಲ್ಲಿದೆ. ಪದವನ್ನು ಗುರುತಿಸಲೇ ಆಗದಿದ್ದರೆ ಅದು ಚಿತ್ರ. ಬಳಿಕ ಅದೇ ಪುಟವನ್ನು ಬೇರೊಬ್ಬರ ಮೊಬೈಲ್‌ನಲ್ಲಿ ತೆರೆದು, ‘ಕಲ್ಲು’ ಎಂಬಲ್ಲಿನ ಒತ್ತು ಪೂರ್ತಿ ಕಾಣುತ್ತಿದೆಯೇ ಎಂದು ನೋಡಬೇಕು. ಎರಡಕ್ಕೂ ಸೇರಿ ಐದು ನಿಮಿಷ ಸಾಕು, ಉಳಿಕೆ ಹಣ ಕೊಡುವುದು ಅದಾದ ಮೇಲೆ.